ಐದನೇ ಲೇನಿನ ಗೋಡೆ

ಹಲ್ಕ್ ಎಲ್ ವಾದ್ ಬಂದರಿನ ಮೀನು ಮಾರುಕಟ್ಟೆಯಲ್ಲಿ ಶಾದ್ಲಿ ಮಕ್ನಿ ತೂಕದವನು. ದೋಣಿಯಿಂದ ಇಳಿದ ಪ್ರತಿಯೊಂದು ಪೆಟ್ಟಿಗೆಯೂ ಮೊದಲು ಅಲ್ಲಿನ ಎರಡು ತಕ್ಕಡಿಗಳಲ್ಲಿ ಒಂದರ ಮೇಲೆ ಬರಬೇಕು, ತೂಕದವನು ತೂಕ ಕೂಗಬೇಕು, ಆಮೇಲೆಯೇ ಹರಾಜು. ದೊಡ್ಡ ತಕ್ಕಡಿ ಶಾದ್ಲಿಯದು. ಮೂವತ್ತೆಂಟು ವರ್ಷದಿಂದ ಅವನು ಅದರ ಮುಂದೆ ನಿಂತಿದ್ದಾನೆ. ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡುವುದಿಲ್ಲ. ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ. "ಹದಿನಾಲ್ಕು ಇನ್ನೂರು", "ಒಂಬತ್ತು ಎಂಟುನೂರು" ಎಂದು ಕಿಲೋ, ಗ್ರಾಂ ಕೂಗುತ್ತಾನೆ, ಪೆಟ್ಟಿಗೆ ಮುಂದಕ್ಕೆ ಜಾರುತ್ತದೆ. ಒಂದು ಸಲ ಯಾರೋ ತಮಾಷೆಗೆಂದು ಪೆಟ್ಟಿಗೆಯಲ್ಲಿ ಬೆಕ್ಕನ್ನು ಕೂರಿಸಿ ಅವನ ತಕ್ಕಡಿಗೆ ಇಟ್ಟರಂತೆ. ಶಾದ್ಲಿ "ಮೂರು ಒಂಬೈನೂರು" ಎಂದು ಕೂಗಿ, ಮುಂದಿನದನ್ನು ತರುವಂತೆ ಕೈ ಬೀಸಿದನಂತೆ. ಈ ಕತೆ ನಿಜವೋ ಸುಳ್ಳೋ ತಿಳಿಯದು. ಹೇಳುವವರು ಮಾತ್ರ ಇಂದಿಗೂ ಹೇಳುತ್ತಾರೆ, ಅವರಲ್ಲಿ ಎಲ್ಲರಿಗಿಂತ ಮುಂದಿರುವವನು ಮಹ್ರಿಝ್.

ಮಹ್ರಿಝ್ ಸಾರ್ಡಿನ್ ಮತ್ತು ಮಲ್ಲೆಟ್ ಮೀನು ಮಾರುವವನು, ಶಾದ್ಲಿಯ ಬಾಲ್ಯದ ಗೆಳೆಯ. ಇಬ್ಬರೂ ಚಿಕ್ಕಂದಿನಲ್ಲಿ ಕಾಲುವೆಯ ಸೇತುವೆಯ ಮೇಲಿಂದ ಹಾರಿ ಈಜು ಕಲಿತವರು. ಮಹ್ರಿಝ್‌ನ ಮಗ ಸ್ಕಂದರ್ ಕೂಡ ಅದೇ ಕಾಲುವೆಯಲ್ಲೇ ಕೈಕಾಲು ಬಡಿಯುತ್ತ ಬೆಳೆದವನು. ಆದರೆ ಅವನು ಅಷ್ಟಕ್ಕೆ ನಿಲ್ಲಲಿಲ್ಲ. ಬಂದರಿನ ಈಜು ಸಂಘಕ್ಕೆ ಸೇರಿದ, ಅಲ್ಲಿಂದ ರಾಜಧಾನಿಯ ತರಬೇತಿಗೆ ಹೋದ, ಇಪ್ಪತ್ತೆರಡಕ್ಕೆ ಐವತ್ತು ಮೀಟರ್ ಫ್ರೀಸ್ಟೈಲ್‌ನಲ್ಲಿ ದೇಶದಲ್ಲೇ ಮೊದಲನೆಯವನಾದ.

ಈಜಿಗೂ ಶಾದ್ಲಿಗೂ ಇನ್ನೊಂದು ನಂಟಿತ್ತು. ಅವನು ಸಮಯಪಾಲಕ. ಈಜುಕೊಳದ ಅಂಚಿನಲ್ಲಿ ಬಿಳಿ ಅಂಗಿ ಬಿಳಿ ಪ್ಯಾಂಟು ತೊಟ್ಟು, ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ನಿಲ್ಲುವವರಲ್ಲಿ ಒಬ್ಬ. ಸಂಬಳವಿಲ್ಲದ ಕೆಲಸ. ಅವನನ್ನು ಇದಕ್ಕೆ ಎಳೆದವರು ಉಸ್ತಾದ್ ಬೆಲ್ಹಸನ್ ಎಂಬ ಶಾಲಾಮೇಷ್ಟ್ರು. ಮೂವತ್ತೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ಮೀನು ಕೊಳ್ಳಲು ಬಂದ ಉಸ್ತಾದರು, ತೂಗುವವನು ಮೀನನ್ನೇ ನೋಡದಿರುವುದನ್ನು ಅರ್ಧ ಗಂಟೆ ನಿಂತು ನೋಡಿದರು.

"ನಿನಗೆ ಈಜು ಸ್ಪರ್ಧೆ ನೋಡೋ ಆಸೆ ಇದೆಯಾ?" ಎಂದು ಕೇಳಿದರು.

"ಅಂಥದ್ದೇನಿಲ್ಲ."

"ಹಾಗಾದ್ರೆ ಭಾನುವಾರ ಬಾ."

ಉಸ್ತಾದರು ಕಲಿಸಿದ್ದು ಮೂರೇ ಮಾತು. ಒಂದು, ಹೊರಡುವ ಸಂಕೇತದ ಸದ್ದು ಕೇಳಿ ಗುಂಡಿ ಒತ್ತಬೇಡ, ಜೊತೆಗೆ ಮಿಂಚುವ ಬೆಳಕು ನೋಡಿ ಒತ್ತು. ಸದ್ದು ಸೋಮಾರಿ, ತಡವಾಗಿ ಬರುತ್ತದೆ. ಎರಡು, ಗೋಡೆ ನಿನ್ನದು, ಸ್ಪರ್ಧೆ ಊರವರದು. ಗೋಡೆಯ ಮೇಲೆ ನಿನ್ನ ಲೇನಿನ ನಾಲ್ಕು ಗೇಣು ಜಾಗ ಬಿಟ್ಟು ಬೇರೆ ಏನನ್ನೂ ನೋಡಬೇಡ. ಮೂರು, ಕೈ ತಪ್ಪಿದರೆ ತಪ್ಪಿತು ಎಂದು ಹೇಳು. ತಪ್ಪಿಹೋದ ಸಮಯ ಪಾಪವಲ್ಲ, ಹುಟ್ಟಿಸಿದ ಸಮಯ ಪಾಪ.

ಹೀಗಾಗಿ ಮೂವತ್ತೊಂದು ವರ್ಷದಲ್ಲಿ ಸಾವಿರಾರು ಸ್ಪರ್ಧೆಗಳ ಅಂಚಿನಲ್ಲಿ ನಿಂತಿದ್ದರೂ ಶಾದ್ಲಿ ಒಂದನ್ನೂ ನೋಡಿರಲಿಲ್ಲ. ಅವನು ಕಂಡದ್ದು ಕೈಗಳನ್ನು. ನೊರೆಯೊಳಗಿಂದ ಒಂದು ಕೈ ಬರುತ್ತದೆ, ಗೋಡೆಗೆ ತಾಗುತ್ತದೆ, ಹೆಬ್ಬೆರಳು ಒತ್ತುತ್ತದೆ, ಮುಗಿಯಿತು. ಈಜುಗಾರರನ್ನು ಅವನು ಕೈಯಿಂದಲೇ ಗುರುತು ಹಿಡಿಯುತ್ತಿದ್ದ. ಒಬ್ಬನದು ಗಿಡ್ಡ ಬೆರಳು, ಇನ್ನೊಬ್ಬ ಉಗುರು ಕಚ್ಚುವವನು. ಸ್ಕಂದರನ ಬಲಗೈಯ ನಡುಬೆರಳಿನ ಮೇಲೆ ಅಪ್ಪನ ಮೀನುಚೂರಿ ಮಾಡಿದ ಗಾಯದ ಗೆರೆ ಇತ್ತು. ಎಂಟನೇ ವಯಸ್ಸಿನಿಂದ ಆ ಗೆರೆ ಎಷ್ಟು ಸಲ ಗೋಡೆಗೆ ಬಂದಿತ್ತೋ ಅಷ್ಟೂ ಸಮಯಗಳನ್ನು ಶಾದ್ಲಿ ಹೇಳಬಲ್ಲ. ಅವನು ಹೇಗೆ ಈಜುತ್ತಾನೆ ಎಂದು ಕೇಳಿದರೆ ಮಾತ್ರ ಹೇಳಲಾರ.

ಮನೆಯಲ್ಲಿ ಹೆಂಡತಿ ಕಮರ್ ಪ್ರತಿ ಸ್ಪರ್ಧೆಯ ದಿನವೂ ಬಾಗಿಲು ತೆರೆದು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಯಾರು ಗೆದ್ರು?"

"ಗೊತ್ತಿಲ್ಲ. ನಾನು ಆರನೇ ಲೇನಲ್ಲಿದ್ದೆ."

"ಆರನೇ ಲೇನಿನವನು ಗೆದ್ನಾ?"

"ಗೋಡೆ ಮುಟ್ಟಿದ."

ಉತ್ತರ ಸಿಗುವುದಿಲ್ಲ ಎಂದು ಗೊತ್ತಿದ್ದೂ ಅವಳು ಕೇಳುತ್ತಿದ್ದಳು. ಅವರ ಮನೆಯಲ್ಲಿ ಅದು ಬಂದೆಯಾ, ಕೈಕಾಲು ತೊಳಿ ಎನ್ನುವ ಹಾಗೆ ಆಗಿಹೋಗಿತ್ತು.

ಮಹ್ರಿಝ್ ಅಷ್ಟಕ್ಕೆ ಬಿಡುವವನಲ್ಲ. ಹರಾಜು ಮುಗಿದು ಹತ್ತು ಗಂಟೆಗೆ ಎಲ್ಲರೂ ಕಾಫಿಯಂಗಡಿಯಲ್ಲಿ ಕುಳಿತಾಗ ಶುರು ಮಾಡುತ್ತಿದ್ದ.

"ನೋಡ್ರಪ್ಪಾ, ಇವನು ಮದುವೆಗೆ ಹೋಗಿ ಮದುಮಗಳ ಚಪ್ಪಲಿ ನೋಡ್ಕೊಂಡು ಬರೋ ಜಾತಿ."

"ಚಪ್ಪಲಿ ಎಣಿಸೋಕೂ ಒಬ್ಬ ಬೇಕಲ್ಲ, ಖೂಯಾ," ಎನ್ನುತ್ತಿದ್ದ ಶಾದ್ಲಿ. ಖೂಯಾ ಎಂದರೆ ಅಣ್ಣ. ಅಲ್ಲಿ ಎಲ್ಲರೂ ಎಲ್ಲರಿಗೂ ಖೂಯಾ.

"ನನ್ನ ಮಗ ನೀರಲ್ಲಿ ಹೋಗೋದು ನೋಡಿದ್ರೆ ಸತ್ತ ಮಲ್ಲೆಟ್ ಕೂಡ ಎದ್ದು ಕೂತು ಚಪ್ಪಾಳೆ ಹೊಡೆಯತ್ತೆ. ನೀನು ಹತ್ತು ಗಜದಲ್ಲಿ ನಿಂತು ನೋಡಿಲ್ಲ. ಒಂದೇ ಒಂದು ಸಲ ತಲೆ ಎತ್ತೋ ಮಾರಾಯ. ಆಕಾಶ ಬೀಳಲ್ಲ."

"ಆಕಾಶ ಬೀಳಲ್ಲ. ಸಮಯ ಬೀಳತ್ತೆ."

ಆ ವರ್ಷ ಜುಲೈಯಲ್ಲಿ ಅರಬ್ ದೇಶಗಳ ಈಜು ಚಾಂಪಿಯನ್‌ಶಿಪ್ ರಾಜಧಾನಿಯಲ್ಲಿ ನಡೆಯಿತು. ನವೆಂಬರಿಗೆ ಶಾದ್ಲಿಗೆ ಅರವತ್ತೈದು ತುಂಬುತ್ತಿತ್ತು. ಅಲ್ಲಿಗೆ ಅಂತಾರಾಷ್ಟ್ರೀಯ ಕೂಟಗಳಲ್ಲಿ ನಿಲ್ಲುವ ವಯಸ್ಸು ಮುಗಿಯುತ್ತದೆ. ಇದೇ ಕೊನೆಯದು. ಕೂಟದ ಕೊನೆಯ ಸಂಜೆ ಅವನಿಗೊಂದು ಫಲಕ ಕೊಡುವುದೆಂದು ಮುಖ್ಯ ಸಮಯಪಾಲಕ ನೂರಿ ಗುಟ್ಟಾಗಿ ಏರ್ಪಾಡು ಮಾಡಿದ್ದ. ಗುಟ್ಟು ಇಡೀ ಬಂದರಿಗೆ ಗೊತ್ತಿತ್ತು.

ಆ ಕೊನೆಯ ಸಂಜೆಯೇ ಗಂಡಸರ ಐವತ್ತು ಮೀಟರ್ ಫ್ರೀಸ್ಟೈಲ್ ಫೈನಲ್. ಶಾದ್ಲಿಗೆ ಐದನೇ ಲೇನು ಬಂತು. ಪ್ರತಿ ಲೇನಿಗೆ ಇಬ್ಬರು ಸಮಯಪಾಲಕರು. ಅವನ ಜೊತೆಗಾತಿ ವಿದಾದ್ ಎಂಬ ಇಪ್ಪತ್ತಾರರ ಹುಡುಗಿ, ಶಾಲೆಯಲ್ಲಿ ಗಣಿತ ಕಲಿಸುವವಳು. ಅವಳಿಗೆ ಇದು ಮೊದಲ ಅಂತಾರಾಷ್ಟ್ರೀಯ ಕೂಟ. ಇಲ್ಲಿ ಒಳ್ಳೆಯ ವರದಿ ಬಂದರೆ ಅವಳ ಪರವಾನಗಿ ಕಾಯಂ ಆಗುತ್ತದೆ.

ಈಗಿನ ಕಾಲದಲ್ಲಿ ಸಮಯ ಹಿಡಿಯುವುದು ಯಂತ್ರ. ಗೋಡೆಗೆ ತೂಗುಬಿಟ್ಟ ಹಳದಿ ಪ್ಯಾಡನ್ನು ಈಜುಗಾರ ಒತ್ತಿದರೆ ಎದುರಿನ ದೊಡ್ಡ ಬೋರ್ಡಿನ ಮೇಲೆ ಸಮಯ ಬೀಳುತ್ತದೆ. ಮನುಷ್ಯರ ಕೈಗೆ ಕೊಟ್ಟಿರುವ ಸ್ಟಾಪ್‌ವಾಚಿನ ಗುಂಡಿ, ಯಂತ್ರ ಕೈಕೊಟ್ಟರೆ ಇರಲಿ ಎಂದು. ನೂರಕ್ಕೆ ತೊಂಬತ್ತೊಂಬತ್ತು ಸಲ ಆ ಗುಂಡಿ ಒತ್ತಿದ್ದನ್ನು ಯಾರೂ ಕೇಳುವುದಿಲ್ಲ. ಶಾದ್ಲಿ ಮಾತ್ರ ಯಂತ್ರವೇ ಇಲ್ಲವೇನೋ ಎಂಬಂತೆ ಒತ್ತುತ್ತಿದ್ದ.

ಸಂಜೆಯ ಮೊದಲ ಸ್ಪರ್ಧೆಗೆ ಮುಂಚೆ ಹದಿನಾರು ಜನ ಸಾಲಾಗಿ ನಿಂತು ಗಡಿಯಾರ ಪರೀಕ್ಷೆ ಮಾಡಿದರು. ನೂರಿ ಕೈ ಇಳಿಸಿದಾಗ ಎಲ್ಲರೂ ಒತ್ತಬೇಕು, ಒಂದು ನಿಮಿಷದ ನಂತರ ಮತ್ತೆ ಕೈ ಇಳಿಸಿದಾಗ ನಿಲ್ಲಿಸಬೇಕು. ಯಾರ ಗಡಿಯಾರ ಓಡುತ್ತದೆ, ಯಾರದು ತೆವಳುತ್ತದೆ ಎಂದು ಆಗಲೇ ತಿಳಿಯುತ್ತದೆ. ಶಾದ್ಲಿ ಅದಕ್ಕೂ ಮುಂಚೆ ಬಿಸಿ ಚಹಾದ ಗ್ಲಾಸಿಗೆ ಹೆಬ್ಬೆರಳು ಒತ್ತಿ ಹಿಡಿದುಕೊಂಡು ಕುಳಿತಿದ್ದ. ಚಳಿಗಾಲವಿರಲಿ ಬೇಸಿಗೆಯಿರಲಿ, ಅವನ ರೂಢಿ ಅದು.

"ಚಹಾ ಕುಡಿಯಲ್ವಾ ಸೀ ಶಾದ್ಲಿ?" ಎಂದು ವಿದಾದ್ ಕೇಳಿದಳು. ಹಿರಿಯರನ್ನು ಸೀ ಎಂದು ಸೇರಿಸಿಯೇ ಕರೆಯುವುದು.

"ಇದು ಬೆರಳಿಗೆ ಮಗಳೇ. ಬಾಯಿಗೆ ಆಮೇಲೆ."

"ನಂಗೆ ಭಯ ಆಗ್ತಿದೆ. ನೊರೆ ನೋಡಿ ಬೇಗ ಒತ್ತಿಬಿಡ್ತೀನೇನೋ ಅಂತ."

"ಕಣ್ಣು ಗೋಡೆ ಮೇಲಿರೋವರೆಗೆ ಬೆರಳು ಸುಳ್ಳು ಹೇಳಲ್ಲ. ಐವತ್ತು ಮೀಟರಲ್ಲಿ ಒಂದೇ ಹುಷಾರು. ಅವರು ಆಚೆ ತುದಿಯಿಂದ ಹೊರಟು ನಮ್ಮ ಕಡೆ ಬರ್ತಾರೆ. ಬೆಳಕು ನೋಡೋಕೆ ತಲೆ ಎತ್ತಲೇಬೇಕು. ಎತ್ತಿದ ತಲೆ ಇಳಿಸೋದು ಮರೀಬೇಡ. ಗಡಿಯಾರ ಐದು ಸೆಕೆಂಡು ಅನ್ನೋ ಹೊತ್ತಿಗೆ ಕಣ್ಣು ಕೆಳಗಿರಬೇಕು."

ಹಾಗೆ ಹೇಳಿಕೊಟ್ಟವನು ಅವನೇ.

ಎಂಟು ಜನರನ್ನು ಹೆಸರು ಹಿಡಿದು ಕರೆದರು. ನಾಲ್ಕನೇ ಲೇನಿನಲ್ಲಿ ಈಜಿಪ್ಟಿನವನು, ಆರರಲ್ಲಿ ಕುವೈತಿನವನು, ಐದರಲ್ಲಿ ಅಲ್ಜೀರಿಯಾದ ಲುತ್ಫಿ ಎಂಬ ತೆಳ್ಳನೆಯ ಹುಡುಗ. ಮೂರನೇ ಲೇನಿಗೆ ಸ್ಕಂದರನ ಹೆಸರು ಬಂದಾಗ ಪ್ರೇಕ್ಷಕರ ಕಡೆಯ ತಗಡಿನ ಚಾವಣಿಯೇ ಹಾರಿಹೋಗುವಂತೆ ಸದ್ದಾಯಿತು. ಹಲ್ಕ್ ಎಲ್ ವಾದ್‌ನಿಂದ ಮೂರು ಬಸ್ಸು ತುಂಬ ಜನ ಬಂದಿದ್ದರು. ಮಹ್ರಿಝ್ ಡೋಲು ತಂದಿದ್ದ. ಸೀಟಿ ಊದಿದ ಮೇಲೆ ಡೋಲು ನಿಂತಿತು.

ಐವತ್ತು ಮೀಟರ್ ಆಚೆ ಬೆಳಕು ಮಿಂಚಿತು. ಶಾದ್ಲಿಯ ಹೆಬ್ಬೆರಳು ಒತ್ತಿತು. ಎಂಟು ಜನ ನೀರಿಗೆ ಬಿದ್ದರು.

ಗಡಿಯಾರ ಐದು ಎಂದಿತು. ಕಣ್ಣು ಇಳಿಯಲಿಲ್ಲ.

ಆಮೇಲೆ ಅವನು ಎಷ್ಟು ಯೋಚಿಸಿದರೂ ಅದಕ್ಕೆ ಕಾರಣ ಹೊಳೆಯಲಿಲ್ಲ. ಇಳಿಸಬಾರದು ಎಂದೇನೂ ಅವನು ನಿರ್ಧರಿಸಿರಲಿಲ್ಲ. ಈಜುಗಾರರು ನೀರಿನಡಿಯಿಂದ ಮೇಲೆ ಬಂದ ಕೂಡಲೇ ಮೂರನೇ ಲೇನಿನಲ್ಲಿ ಒಂದು ಬಲಗೈ ಮೇಲೆದ್ದಿತು. ಆ ಕೈ ಅವನಿಗೆ ಹದಿನಾಲ್ಕು ವರ್ಷದಿಂದ ಗೊತ್ತಿತ್ತು. ಅದು ಬರುವ ದಾರಿ ಗೊತ್ತಿರಲಿಲ್ಲ. ಮೊಣಕೈ ಮೊದಲು ಏಳುತ್ತದೆ, ಬೆರಳುಗಳು ನೀರನ್ನು ಸವರಿಕೊಂಡೇ ಮುಂದಕ್ಕೆ ಬರುತ್ತವೆ, ಭುಜ ದೋಣಿಯ ಹಾಗೆ ಒಂದು ಕಡೆ ವಾಲಿ ಇನ್ನೊಂದು ಕಡೆಗೆ ಮರಳುತ್ತದೆ. ತಲೆ ಒಂದು ಸಲವೂ ಆಚೀಚೆ ತಿರುಗುವುದಿಲ್ಲ, ಉಸಿರೇ ಬೇಡವೆಂಬಂತೆ. ಅಕ್ಕಪಕ್ಕದವರೆಲ್ಲ ನೀರನ್ನು ಹೊಡೆಯುತ್ತಿದ್ದರು, ಇವನು ನೀರನ್ನು ಹಿಡಿದು ಹಿಂದಕ್ಕೆ ಇಡುತ್ತಿದ್ದ. ಎಂಟು ಬಿಳಿಯ ಗೆರೆಗಳು ಶಾದ್ಲಿಯ ಕಡೆಗೇ ಉದ್ದವಾಗುತ್ತ ಬಂದವು. ಮೂವತ್ತೈದು ಮೀಟರಿನ ಗುರುತಿನಲ್ಲಿ ನಾಲ್ಕನೆಯವನ ತಲೆ ಮುಂದಿತ್ತು, ಆರು ಅವನ ಹಿಂದೆ, ಮೂರು ಮತ್ತು ಐದು ಸಮಸಮ.

ಐದು ಎಂದು ಕಂಡಾಗ ಅವನಿಗೆ ತನ್ನ ಲೇನು ನೆನಪಾಯಿತು. ಆದರೂ ಕಣ್ಣು ಮತ್ತೊಂದಿಷ್ಟು ದೂರ ಮೂರನೇ ಲೇನಿನ ಕೈಯ ಜೊತೆಗೇ ಬಂತು. ಅದನ್ನು ಕಿತ್ತು ಕೆಳಗೆ ಹಾಕಿದಾಗ ಲುತ್ಫಿಯ ಬೆರಳುಗಳು ಆಗಲೇ ಗೋಡೆಯ ಮೇಲಿದ್ದವು. ಬರುತ್ತಿರಲಿಲ್ಲ, ಬಂದಿದ್ದವು. ಪಕ್ಕದಲ್ಲಿ ವಿದಾದಳ ಗುಂಡಿ ಟಕ್ ಎಂದದ್ದೂ ಕೇಳಿಸಿತ್ತು. ಅದರ ಬೆನ್ನಿಗೆ ಶಾದ್ಲಿ ಒತ್ತಿದ.

ಬೋರ್ಡಿನ ಮೇಲೆ ಹೆಸರುಗಳು ಬಿದ್ದವು. ಮೊದಲು ಈಜಿಪ್ಟ್, ಎರಡು ಕುವೈತ್, ಮೂರನೆಯವನು ಸ್ಕಂದರ್, 22.61. ಡೋಲು ಮತ್ತೆ ಶುರುವಾಯಿತು. ಸ್ಕಂದರ್ ಲೇನಿನ ಹಗ್ಗದ ಮೇಲೆ ಕುಳಿತು ಎರಡೂ ಕೈ ಮೇಲೆತ್ತಿದ. ಐದನೇ ಲೇನಿನ ಮುಂದೆ 24.05 ಎಂದಿತ್ತು, ಎಂಟನೇ ಸ್ಥಾನ.

ಲುತ್ಫಿ ನೀರಿನಿಂದ ಏಳಲಿಲ್ಲ. ಪ್ಯಾಡಿನ ಮೇಲಂಚನ್ನು ಅಂಗೈಯಿಂದ ತಟ್ಟಿ ತೋರಿಸುತ್ತಿದ್ದ. ರೆಫರಿ ಮೊರಾಕ್ಕೊದವರು, ನರೆತ ಗಡ್ಡದ ಮಿತಭಾಷಿ. ಅವರು ಬಂದು ಬಗ್ಗಿ ತಾವೇ ಒತ್ತಿ ನೋಡಿದರು. ನಡುವೆ ಒತ್ತಿದರೆ ಪ್ಯಾಡ್ ಕೆಲಸ ಮಾಡುತ್ತಿತ್ತು. ಮೇಲಿನ ಅಂಚಿನ ಒಂದು ಗೇಣು ಸತ್ತಿತ್ತು. ಹುಡುಗ ಮುಟ್ಟಿದ್ದು ಅಲ್ಲೇ. ಆಮೇಲೆ ಸುಧಾರಿಸಿಕೊಳ್ಳಲೆಂದು ಗೋಡೆಗೆ ಒರಗಿದಾಗ ಯಂತ್ರ ಎಚ್ಚರಗೊಂಡಿತ್ತು. ಗೋಡೆಯನ್ನು ಚಿತ್ರ ತೆಗೆಯುವ ಕ್ಯಾಮೆರಾ ಈ ಕೂಟಕ್ಕೆ ತರಿಸಿರಲಿಲ್ಲ. ಉಳಿದದ್ದು ಇಬ್ಬರು ಮನುಷ್ಯರ ಎರಡು ಹೆಬ್ಬೆರಳು.

ಅಧಿಕಾರಿಗಳ ಮೇಜಿನ ಬಳಿ ನೂರಿ ಎರಡು ಚೀಟಿ ಹಿಡಿದು ನಿಂತಿದ್ದ. ಒಂದರಲ್ಲಿ ವಿದಾದ್ ಬರೆದದ್ದು 22.58. ಇನ್ನೊಂದರಲ್ಲಿ ಶಾದ್ಲಿ ಬರೆದದ್ದು 22.70. ಗಡಿಯಾರ ತೋರಿಸಿದ್ದನ್ನು ಚೀಟಿಗೆ ಇಳಿಸುವಾಗ ಅವನ ಕೈ ಮಾಮೂಲಿನಂತೆ ನಡೆದಿತ್ತು. ಪ್ಯಾಡ್ ಸತ್ತ ಸುದ್ದಿ ಆಗಿನ್ನೂ ಗೊತ್ತಿರಲಿಲ್ಲ.

"ಒಂದೇ ಗೋಡೆ, ಒಂದೇ ಕೈ," ಎಂದರು ರೆಫರಿ. "ಸೆಕೆಂಡಿನ ನೂರರಲ್ಲಿ ಹನ್ನೆರಡು ಪಾಲು ವ್ಯತ್ಯಾಸ. ಇಷ್ಟು ಬರಬಾರದು."

ನೂರಿ ಲೆಕ್ಕ ಹಾಕಿಯೇ ಬಂದಿದ್ದ. "ಎರಡನ್ನೂ ಕೂಡಿಸಿ ಅರ್ಧ ಮಾಡಿದ್ರೆ 22.64 ಸಾರ್. ಅಲ್ಜೀರಿಯಾ ನಾಲ್ಕನೇದು. ಹುಡುಗಿದು ಬೇಡ ಅಂತ ತೆಗೆದ್ರೆ 22.70. ಆಗಲೂ ನಾಲ್ಕನೇದೇ. ಹೇಗೆ ಮಾಡಿದ್ರೂ ಮೂರನೇ ಸ್ಥಾನ ಸ್ಕಂದರನದೇ."

"ಸೀ ಶಾದ್ಲಿಯವರದನ್ನ ತೆಗೆದರೆ?"

ನೂರಿ ನಕ್ಕ. "ಅವರದನ್ನಾ? ಸಾರ್, ಇವರು ಮೂವತ್ತೊಂದು ವರ್ಷದಿಂದ ಗೋಡೆ ಬಿಟ್ಟು ಬೇರೆ ಏನೂ ನೋಡಿಲ್ಲ. ನಮ್ಮಲ್ಲಿ ಯಂತ್ರ ಸರಿ ಇದೆಯಾ ಅಂತ ಇವರನ್ನ ಕೇಳ್ತೀವಿ. ಹುಡುಗಿ ಹೊಸಬಳು. ನೊರೆ ನೋಡಿ ಬೇಗ ಒತ್ತಿದಾಳೆ. ಹೊಸಬರೆಲ್ಲ ಹಾಗೇ."

ರೆಫರಿ ವಿದಾದಳ ಕಡೆಗೆ ತಿರುಗಿದರು. "ಏನಮ್ಮ, ಬೇಗ ಒತ್ತಿದೆಯಾ?"

ವಿದಾದ್ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. "ಕೈ ತಾಗಿದ್ದು ನೋಡಿಯೇ ಒತ್ತಿದೆ ಅಂತ ಅಂದ್ಕೊಂಡೆ ಸಾರ್." ಆಮೇಲೆ ಶಾದ್ಲಿಯನ್ನು ನೋಡಿ ದನಿ ತಗ್ಗಿಸಿದಳು. "ಆದ್ರೆ ಸೀ ಶಾದ್ಲಿ 22.70 ಅಂದ್ರೆ... ಇರಬಹುದು. ನಾನೇ ಬೇಗ ಒತ್ತಿರಬಹುದು."

ಶಾದ್ಲಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಅವನು ಸುಮ್ಮನಿದ್ದರೆ ಯಾರೂ ಅವನನ್ನು ಕೇಳುವುದಿಲ್ಲ. ಸ್ಕಂದರನ ಕೊರಳಿಗೆ ಪದಕ ಬೀಳುತ್ತದೆ, ಮೂರು ಬಸ್ಸು ಹಾಡಿಕೊಂಡು ಊರಿಗೆ ಹೋಗುತ್ತವೆ. ಹುಡುಗಿಯ ವರದಿಯಲ್ಲಿ ಒಂದು ಸಾಲು ಬೀಳುತ್ತದೆ, ಅವಳಿಗೆ ತನ್ನ ಕಣ್ಣಿನ ಮೇಲೆ ಮತ್ತೆ ನಂಬಿಕೆ ಬರುವುದಿಲ್ಲ. ಅಲ್ಜೀರಿಯಾದ ಹುಡುಗ ಗಳಿಸಿದ್ದು ಗೋಡೆಯ ಮೇಲೇ ಉಳಿದುಹೋಗುತ್ತದೆ. ಇದಕ್ಕೆಲ್ಲ ಬೆಂಬಲವಾಗಿ ನಿಲ್ಲುವುದು ಅವನ ಮೂವತ್ತೊಂದು ವರ್ಷದ ಹೆಸರು.

"ನನ್ನ ಚೀಟಿ ಇಲ್ಲಿ ಕೊಡು," ಎಂದ.

ನೂರಿ ಕೊಟ್ಟ. ಶಾದ್ಲಿ ಮೇಜಿನ ಮೇಲೆ ಬಗ್ಗಿ 22.70 ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಸಮಯ ಸಿಕ್ಕಿಲ್ಲ' ಎಂದು ಬರೆದು ಸಹಿ ಹಾಕಿದ.

"ಏನಿದು ಸೀ ಶಾದ್ಲಿ?" ನೂರಿಯ ದನಿ ಇಳಿದಿತ್ತು. "ತಲೆ ಕೆಟ್ಟಿದೆಯಾ ನಿಮಗೆ? ಬಿಸಿಲು ಹತ್ತಿದೆ, ಹೋಗಿ ಕೂತ್ಕೊಳ್ಳಿ. ಮಹ್ರಿಝ್‌ಗೆ ಯಾವ ಮುಖ ತೋರಿಸ್ತೀರಿ?"

"ಇದೇ ಮುಖ. ಇನ್ನೊಂದಿಲ್ಲ."

ರೆಫರಿ ಚೀಟಿಯನ್ನು ಎತ್ತಿಕೊಂಡು ಓದಿದರು. "ಗಡಿಯಾರ ಕೆಟ್ಟಿತ್ತೇ?"

"ಗಡಿಯಾರ ಸರಿ ಇತ್ತು. ಕಣ್ಣು ಗೋಡೆ ಮೇಲೆ ಇರ್ಲಿಲ್ಲ."

"ಮತ್ತೆಲ್ಲಿತ್ತು?"

"ಮೂರನೇ ಲೇನಲ್ಲಿ."

"ಯಾಕೆ?"

"ಆ ಹುಡುಗ ಈಜೋದನ್ನ ನಾನು ಯಾವತ್ತೂ ನೋಡಿರ್ಲಿಲ್ಲ."

ಮೊರಾಕ್ಕೊದವರು ಅವನನ್ನು ದಿಟ್ಟಿಸಿ ನೋಡಿದರು. ಹಾಳೆಯ ಮೇಲೆ ಐದನೇ ಲೇನಿನ ಮುಂದೆ 22.58 ಎಂದು ಬರೆದು, ಕೆಳಗೆ ವಿದಾದಳ ಹೆಸರು ಬರೆದರು.

ಬೋರ್ಡಿನ ಮೇಲೆ ಹೆಸರುಗಳು ಅಳಿದು ಮತ್ತೆ ಮೂಡಿದವು. ಮೂರು ಲುತ್ಫಿ, ನಾಲ್ಕು ಸ್ಕಂದರ್. ಡೋಲು ಒಂದೆರಡು ಪೆಟ್ಟು ಹೆಚ್ಚಿಗೆ ಬಡಿದು ನಿಂತಿತು. ಓದಲು ಬಾರದ ಯಾರೋ ಪಕ್ಕದವನನ್ನು ಏನಾಯಿತೆಂದು ಕೇಳುತ್ತಿದ್ದದ್ದು ಕೆಳಗಿನವರೆಗೂ ಕೇಳಿಸಿತು. ಸ್ಕಂದರ್ ಆಗಲೇ ಪದಕ ಪಡೆಯುವವರ ಸಾಲಿನಲ್ಲಿ ತಂಡದ ಕೋಟು ಹಾಕಿಕೊಂಡು ನಿಂತಿದ್ದ. ಒಬ್ಬರು ಬಂದು ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಕೋಟಿನ ಜಿಪ್ಪು ಎಳೆದುಕೊಂಡು ಸಾಲಿನಿಂದ ಹೊರಗೆ ಬಂದ.

ಗೋಡೆ ಬಿಟ್ಟು ಕಣ್ಣಾಡಿಸಿದ ಸಮಯಪಾಲಕನನ್ನು ಆ ಹೊತ್ತಿನ ಮಿಕ್ಕ ಸ್ಪರ್ಧೆಗಳಿಗೆ ನಿಲ್ಲಿಸುವುದಿಲ್ಲ. ಉಳಿದದ್ದು ಒಂದು ರಿಲೇ ಮಾತ್ರ. ಶಾದ್ಲಿ ಐದನೇ ಲೇನನ್ನು ಬದಲಿಯವನಿಗೆ ಬಿಟ್ಟುಕೊಟ್ಟು, ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ಇಡೀ ರಿಲೇಯನ್ನು ನೋಡುವ ಅವಕಾಶ ಈಗ ಧಾರಾಳವಾಗಿತ್ತು. ಅವನು ಕೊರಳ ಗಡಿಯಾರದ ದಾರ ಸುತ್ತುತ್ತ ಕುಳಿತಿದ್ದ. ಫಲಕ ಕೊಡುವ ಕಾರ್ಯಕ್ರಮ ನಡೆಯಲಿಲ್ಲ. ಹೊರಡುವಾಗ ನೂರಿ ಅದನ್ನು ತರಕಾರಿ ಚೀಲದಲ್ಲಿ ಸುತ್ತಿ ಅವನ ಕೈಗಿಟ್ಟ.

"ಎರಡು ಸಾಲು ಮಾತಾಡ್ಬೇಕು ಅಂತ ಬರ್ಕೊಂಡು ಬಂದಿದ್ದೆ," ಎಂದ ನೂರಿ. "ಗೋಡೆ ಬಿಟ್ಟು ಕಣ್ಣು ಎತ್ತದವರು ಅಂತಲೇ ಶುರುವಾಗತ್ತೆ ಅದು. ಓದೋದು ಹೇಗೆ ಹೇಳಿ."

"ಸರಿ ಬಿಡು," ಎಂದ ಶಾದ್ಲಿ.

ಬಾಗಿಲ ಬಳಿ ವಿದಾದ್ ಕಾಯುತ್ತಿದ್ದಳು. "ಮುಂದಿನ ಕೂಟದಿಂದ ನಾನೂ ಚಹಾ ಗ್ಲಾಸು ಹಿಡ್ಕೋತೀನಿ," ಎಂದಳು.

"ಹಿಡ್ಕೋ. ಆಮೇಲೆ ಕುಡಿ. ನಾನು ಎಷ್ಟೋ ಚಹಾ ಆರಿಸಿ ಚೆಲ್ಲಿದೀನಿ."

ಬಸ್ಸಿನಲ್ಲಿ ಊರವರ ಜೊತೆ ಹೋಗುವುದು ಬೇಡವೆನಿಸಿ ರೈಲು ಹಿಡಿದ. ಕೆರೆಯ ದಂಡೆಗುಂಟ ಬರುವ ಆ ಪುಟ್ಟ ರೈಲಿನಲ್ಲಿ ಅವನ ಬಿಳಿ ಅಂಗಿಯನ್ನು ಕಂಡ ಇಬ್ಬರು ಅವನನ್ನು ಆಸ್ಪತ್ರೆಯವನೆಂದು ತಿಳಿದು ಜಾಗ ಬಿಟ್ಟರು.

ಕಮರ್ ಬಾಗಿಲು ತೆರೆದಳು. ಟೀವಿಯಲ್ಲಿ ಅವಳು ಎಲ್ಲವನ್ನೂ ನೋಡಿದ್ದಳು. ಅಕ್ಕಪಕ್ಕದವರು ಆಗಲೇ ಬಂದು ಶಾದ್ಲಿ ಮಾಡಿದ್ದನ್ನು ಆಡಿಕೊಂಡು ಹೋಗಿದ್ದರು. ಅವಳು ಏನೂ ಕೇಳದೆ ಮೀನು ಹಾಕಿದ ಗೋಧಿರವೆಯ ಕುಸ್ಕುಸ್ ಬಡಿಸಿದಳು. ಕುಂಬಳಕಾಯಿಯ ಹೋಳನ್ನು ಅವನ ಕಡೆಗೇ ಸರಿಸಿಟ್ಟಳು.

"ಕೇಳಲ್ವಾ?" ಎಂದ ಶಾದ್ಲಿ.

"ಏನನ್ನ?"

"ಯಾವಾಗಲೂ ಕೇಳೋದನ್ನ."

ಕಮರ್ ಚಮಚ ಕೆಳಗಿಟ್ಟಳು. "ಯಾರು ಗೆದ್ರು?"

ಅವನು ಹೇಳಿದ. ಬೆಳಕು ಮಿಂಚಿದ್ದರಿಂದ ಶುರು ಮಾಡಿ, ಮೊಣಕೈ ಹೇಗೆ ಏಳುತ್ತದೆ, ಬೆರಳುಗಳು ಹೇಗೆ ನೀರನ್ನು ಸವರುತ್ತವೆ, ಭುಜ ಹೇಗೆ ವಾಲುತ್ತದೆ ಎಂಬುದನ್ನು ತನ್ನ ಕೈಯನ್ನೇ ತಟ್ಟೆಯ ಮೇಲೆ ಆಡಿಸಿ ತೋರಿಸಿದ. ಹಾಗೇ ಹೇಳುತ್ತ ಮೂವತ್ತೈದು ಮೀಟರಿಗೆ ಬಂದ. ನಾಲ್ಕು ಮುಂದೆ, ಆರು ಹಿಂದೆ, ಮೂರು ಮತ್ತು ಐದು ಸಮಸಮ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಒಂದೇ ಸಮನೆ ಇಷ್ಟು ಮಾತಾಡಿದ್ದನ್ನು ಕಮರ್ ಕೇಳಿರಲಿಲ್ಲ.

"ಆಮೇಲೆ?"

"ಆಮೇಲೆ ಕೆಳಗೆ ನೋಡಿದೆ."

"ಅಂದ್ರೆ ಕೊನೆ ನೋಡ್ಲೇ ಇಲ್ಲ."

"ಇಲ್ಲ."

"ಅಷ್ಟೆಲ್ಲ ರಾದ್ಧಾಂತ ಮಾಡಿ, ಕೊನೇನೂ ನೋಡದೆ ಬಂದ್ಯಾ?" ಎಂದಳು. ನಗಬಾರದೆಂದುಕೊಂಡೇ ನಕ್ಕಳು. ಆಮೇಲೆ ಉಳಿದ ಹದಿನೈದು ಮೀಟರನ್ನು, ತಾನು ಟೀವಿಯಲ್ಲಿ ಕಂಡಂತೆ, ಅವಳು ಅವನಿಗೆ ಹೇಳಿದಳು.

ಮರುದಿನ ಮಾರುಕಟ್ಟೆಯಲ್ಲಿ ಯಾರೂ ಜಗಳ ಮಾಡಲಿಲ್ಲ. ಜಗಳವಾಗಿದ್ದರೆ ಸುಲಭವಿತ್ತು. ಮಹ್ರಿಝ್ ತನ್ನ ಪೆಟ್ಟಿಗೆಗಳನ್ನು ಶಾದ್ಲಿಯ ಮುಂದಿನಿಂದಲೇ ಎಳೆದುಕೊಂಡು ಹೋಗಿ, ಆ ತುದಿಯ ಚಿಕ್ಕ ತಕ್ಕಡಿಗೆ ಹಾಕಿದ. ಆ ತಕ್ಕಡಿಯ ಮುಳ್ಳಿಗೆ ಸ್ವಲ್ಪ ಸೋಮಾರಿತನವಿದೆ, ಪೆಟ್ಟಿಗೆಗೆ ಇನ್ನೂರು ಗ್ರಾಂ ಕಡಿಮೆ ತೋರಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಮಹ್ರಿಝ್‌ಗೂ ಗೊತ್ತು. ಕಾಫಿಯಂಗಡಿಯಲ್ಲಿ ಅವನು ಬೇರೆ ಮೇಜಿಗೆ ಕುಳಿತ. ಮದುವೆ, ಮದುಮಗಳು, ಚಪ್ಪಲಿಯ ಮಾತು ನಿಂತುಹೋಯಿತು. ಬೆಕ್ಕಿನ ಕತೆಯನ್ನೂ ಯಾರೂ ಹೇಳಲಿಲ್ಲ. ಶಾದ್ಲಿ ಮುಳ್ಳು ನೋಡಿದ, ತೂಕ ಕೂಗಿದ, ಹತ್ತು ಗಂಟೆಗೆ ಕಾಫಿ ಕುಡಿದು ಮನೆಗೆ ಹೋದ. ಹನ್ನೊಂದು ದಿನ ಹೀಗೆಯೇ ಕಳೆಯಿತು.

ಹನ್ನೆರಡನೇ ದಿನ ಒಂದು ಪೆಟ್ಟಿಗೆ ದಢ್ ಎಂದು ಅವನ ತಕ್ಕಡಿಯ ಮೇಲೆ ಬಿತ್ತು. ಶಾದ್ಲಿ ತಲೆ ಎತ್ತಲಿಲ್ಲ. ಪೆಟ್ಟಿಗೆ ಇಟ್ಟ ಕೈ ಯಾರದೆಂದು ಅವನಿಗೆ ಗೊತ್ತಿತ್ತು.

"ಮಗ ಫೋನ್ ಮಾಡಿದ್ದ," ಎಂದ ಮಹ್ರಿಝ್, ಯಾರಿಗೂ ಅಲ್ಲವೆಂಬಂತೆ. "ಆವತ್ತಿಂದ ಬೈದೂ ಬೈದೂ ನನ್ನ ಗಂಟ್ಲು ಬಿದ್ದೋಗಿತ್ತು. ಅವನೇನಂದ ಗೊತ್ತಾ? ಅಪ್ಪಾ, ನನ್ನ ಸಮಯ ಇಪ್ಪತ್ತೆರಡು ಅರವತ್ತೊಂದು, ಅದನ್ನ ಯಾರೂ ಕಿತ್ಕೊಂಡಿಲ್ಲ ಅಂದ. ಓದಿಸಿದ್ದು ಜಾಸ್ತಿ ಆಯ್ತು ಅನ್ಸತ್ತೆ."

ಮುಳ್ಳು ಇನ್ನೂ ತೂಗಾಡುತ್ತಿತ್ತು. ಶಾದ್ಲಿ ಕಾದ.

"ತಲೆ ಎತ್ತು ಅಂತ ಬಡ್ಕೊಂಡವನೂ ನಾನೇ," ಎಂದ ಮಹ್ರಿಝ್. ದನಿ ಬದಲಿಸದೆ ಕೇಳಿದ. "ಹೇಗೆ ಈಜ್ತಾನೆ?"

"ಚೆನ್ನಾಗಿ ಈಜ್ತಾನೆ."

"ಅಷ್ಟೇನಾ? ಪದಕ ಹೋದದ್ದಕ್ಕೆ ಎರಡೇ ಮಾತಾ?"

"ಕಾಫಿ ಕುಡಿಯುವಾಗ ಹೇಳ್ತೀನಿ. ಕೈಯಲ್ಲಿ ತೋರಿಸ್ಬೇಕು."

"ಸರಿ, ಈಗ ಮುಳ್ಳು ನೋಡು. ಮೀನು ಈಜೋದನ್ನ ನೋಡ್ತಾ ನಿಂತ್ಕೋಬೇಡ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮುಳ್ಳು ನಿಂತಿತು.

"ಹದಿನೇಳು ನಾನೂರು," ಎಂದು ಶಾದ್ಲಿ ಕೂಗಿದ. ಪೆಟ್ಟಿಗೆ ಮುಂದಕ್ಕೆ ಜಾರಿತು.